ಐದಂಕಣದ ಮನೆ

ಗಂಡನ ದಿನಕರ್ಮಗಳೆಲ್ಲ ಮುಗಿದು, ನೆಂಟರು ಬಸ್ಸು ಹತ್ತಿ ಹೋದ ಮರುದಿನ ಬೆಳಿಗ್ಗೆ ಸೀತವ್ವ ಕೋಣೆಯ ಕಸ ಹೊಡೆಯುತ್ತಿದ್ದಾಗ, ಮಂಚದ ಕೆಳಗೆ ಕಸಬರಿಗೆಗೆ ಕಬ್ಬಿಣ ತಗಲಿತು. ಒಂದು ಕೈಯಿಂದ ಎಳೆದಳು, ಬರಲಿಲ್ಲ. ಎರಡೂ ಕೈ ಹಾಕಿ ಎಳೆದಾಗ ಮೊಳಕ್ಕಿಂತ ಗಿಡ್ಡದಾದ, ನಡುವೆ ದಪ್ಪ ತಿರುಪಿದ್ದ ಒಂದು ಜಾಕು ಹೊರಗೆ ಬಂತು. ಲಾರಿ ಎತ್ತುವಂಥದ್ದು. ಅವಳ ಗಂಡ ರಾಜಪ್ಪ ಜ್ವರ ಹಿಡಿದು ಮಲಗುವ ಮುಂಚಿನ ವಾರ ಅದನ್ನು ತಂದಿಟ್ಟಿರಬೇಕು. ಆ ವಾರ ಅವಳು ತಂಗಿಯ ಬಾಣಂತನಕ್ಕೆಂದು ಮೂಡಲಗಿಯ ತವರಿನಲ್ಲಿದ್ದಳು.

ಗೋಕಾಕದ ಗಿರಣಿಯ ಭೋಂಗಾ ಕೂಗಿತು. ಪಡಸಾಲೆಯಿಂದ ಮಾವ ಉದ್ದಪ್ಪ ಚಹಾ ಕೇಳಿದ. ಇಷ್ಟು ದಿನ ಕೇಳುವ ಮೊದಲೇ ಯಾರೋ ತಂದು ಅವನ ಕೈಗೆ ಕೊಡುತ್ತಿದ್ದರು. ಇವತ್ತು ಕೇಳಬೇಕಾಯಿತು. ಸೀತವ್ವ ಒಲೆ ಹೊತ್ತಿಸಿದಳು.

ಅತ್ತೆ ಕರೆವ್ವ ಜಾಕನ್ನು ನೋಡಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಳು. ರಾಜಪ್ಪ ಹಳೆಯ ಬಾಗಿಲು, ಕದ, ಬಿಜಾಗರಿ, ಕಬ್ಬಿಣದ ಸರಳು ಕಂಡಲ್ಲಿ ಅಗ್ಗಕ್ಕೆ ಕೊಂಡು ತರುತ್ತಿದ್ದವನು. ಇದನ್ನೂ ಹಾಗೇ ಸಂಕೇಶ್ವರದ ಸಂತೆಯಲ್ಲಿ ಕೊಂಡಿದ್ದಾನೆ ಎಂದೇ ಮನೆಯವರೆಲ್ಲ ತಿಳಿದರು. ಮಗ ಕಡೆಗೆ ಮನೆಗೆ ತಂದ ಸಾಮಾನು ಮಂಚದ ಕೆಳಗೆ ಧೂಳು ತಿನ್ನಬಾರದೆಂದು ಕರೆವ್ವ ಅದನ್ನು ಸೆರಗಿನಿಂದ ಒರೆಸಿ, ದೇವರ ಮಾಡದ ಕೆಳಗೆ ಮಣೆ ಹಾಕಿ ಇಟ್ಟು, ದಿನವೂ ಹೂ ಏರಿಸತೊಡಗಿದಳು.

ಈ ಮನೆಯವರ ಕಸುಬು ಹಳೆಯ ಮನೆ ಕೊಂಡು, ದುರಸ್ತಿ ಮಾಡಿಸಿ ಮಾರುವುದು. ಉದ್ದಪ್ಪ ಶುರು ಮಾಡಿದ್ದು, ರಾಜಪ್ಪ ಬೆಳೆಸಿದ್ದು. ಕೊಳ್ಳುವುದು, ಮಾರುವುದು ಯಾರಾದರೂ ಮಾಡಿಯಾರು, ನೋಡುವುದು ಕಷ್ಟ. ಮಾರುವವರ ಮನೆಯಲ್ಲಿ ಟೇಪು ಹಿಡಿದು ಅಳೆಯುತ್ತ ನಿಂತರೆ ಅವರು ಬೆಲೆ ಏರಿಸುತ್ತಾರೆ. ನಾಳೆ ಬರುತ್ತೇನೆಂದು ಎದ್ದು ಹೋದರೆ ಮತ್ತೊಬ್ಬ ಬಂದು ಸಂಚಕಾರವೆಂದು ಮುಂಗಡ ಕೊಟ್ಟು ಗಟ್ಟಿ ಮಾಡಿಕೊಳ್ಳುತ್ತಾನೆ. ಕೊಟ್ಟ ಚಹಾ ಕುಡಿದು ಬಸಿ ಕೆಳಗಿಡುವುದರೊಳಗೆ ದುರಸ್ತಿಯ ಖರ್ಚು ಎಷ್ಟೆಂಬುದು ತಲೆಯಲ್ಲಿ ಕೂತಿರಬೇಕು.

ಆ ಸೀಮೆಯಲ್ಲಿ ಮನೆಯನ್ನು ಅಳೆಯುವುದೇ ಅಂಕಣದಿಂದ. ತೊಲೆಯಿಂದ ತೊಲೆಗೆ ಒಂದು ಅಂಕಣ. ಮಾಳಿಗೆಯನ್ನು, ಎಂದರೆ ಮಣ್ಣಿನ ಚಾವಣಿಯನ್ನು, ಬಿಚ್ಚಿ ಹೊಸದಾಗಿ ಹಾಕಬೇಕಾದ ಅಂಕಣಕ್ಕೆ ರಾಜಪ್ಪ ನೂರಿಪ್ಪತ್ತು ರೂಪಾಯಿ ಹಿಡಿಯುತ್ತಿದ್ದ, ಹಾಗೇ ಉಳಿಯುವ ಅಂಕಣಕ್ಕೆ ಗಿಲಾವು ಸುಣ್ಣವೆಂದು ಮೂವತ್ತು. ಬಂದ ಮೊತ್ತಕ್ಕೆ, ಕಣ್ಣಿಗೆ ಬೀಳದ್ದರ ಪಾಲೆಂದು ಕಾಲು ಭಾಗ ಕೂಡಿಸುತ್ತಿದ್ದ. ಧಾರವಾಡದಲ್ಲಿ ಬಿ.ಎ. ಮಾಡಿದ ಹೆಂಡತಿಯನ್ನು ಮನೆ ನೋಡಲು ಜೊತೆಗೆ ಕರೆದೊಯ್ಯುವುದು ಓಣಿಯವರಿಗೆ ನಗೆಯಾಗಿತ್ತು. ಅವನು ಮಾಳಿಗೆ ನೋಡುತ್ತಿದ್ದರೆ ಅವಳು ಒಳಗೆ ಹೆಂಗಸರ ಹತ್ತಿರ ಕೂತು, ಮಳೆ ಬಂದಾಗ ಕೊಳಗ ತಪ್ಪೇಲಿ ಎಲ್ಲೆಲ್ಲಿ ಇಡುತ್ತೀರೆಂದು ವಿಚಾರಿಸುತ್ತಿದ್ದಳು. ಸೋರುವ ಜಾಗವನ್ನು ಗಂಡಸರು ಮುಚ್ಚಿಡುತ್ತಾರೆ. ಹೆಂಗಸರು ಅದರ ಕಷ್ಟ ಹೇಳಿಕೊಳ್ಳಲು ಕಿವಿ ಹುಡುಕುತ್ತಿರುತ್ತಾರೆ. ಬಸ್ಸಿನಲ್ಲಿ ಅವನು ಅಂಕಣ ಹೇಳುತ್ತಿದ್ದ, ಅವಳು ಕೂಡಿಸುತ್ತಿದ್ದಳು.

ಹುಕ್ಕೇರಿಯ ಐದಂಕಣದ ಮನೆಗೆ ಮಾತ್ರ ಅವಳು ಹೋಗಿರಲಿಲ್ಲ. ರಾಜಪ್ಪನೊಬ್ಬನೇ ನೋಡಿ, ಒಂಬೈನೂರಕ್ಕೆ ಮಾತಾಡಿ, ನೂರು ರೂಪಾಯಿ ಸಂಚಕಾರ ಕೊಟ್ಟು ಬಂದಿದ್ದ. ದೀಪಾವಳಿಯೊಳಗೆ ಖರೀದಿ ಆಗದಿದ್ದರೆ ಆ ನೂರು ಮುಳುಗಿದ ಹಾಗೆ. ಆ ದಿನ ಊಟಕ್ಕೆ ಕೂತಾಗ, ಎರಡು ಅಂಕಣ ಬಿಚ್ಚಿದರೆ ಸಾಕು, ನಾನೂರು ಚಿಲ್ಲರೆಯಲ್ಲಿ ಮುಗಿಯುತ್ತದೆ ಎಂದು ಹೇಳಿದ್ದನಂತೆ. ಮರುದಿನದಿಂದ ಜ್ವರ.

ಉದ್ದಪ್ಪ ತಾನೇ ಹುಕ್ಕೇರಿಗೆ ಹೋಗಿ ನೋಡಿಕೊಂಡು ಬಂದ. ಬಂದವನು ಕೈಕಾಲು ತೊಳೆದು ತಾಟಿನ ಮುಂದೆ ಕೂತು, ಪುಂಡಿಪಲ್ಯಕ್ಕೆ ರೊಟ್ಟಿ ಮುರಿಯಲಿಲ್ಲ.

"ಐದೂ ಅಂಕಣ ಬಿಚ್ಚಬೇಕು," ಎಂದ. "ಮುಂದಿನ ಮೂರೂ ಹೊಟ್ಟಿ ಬಿಟ್ಕೊಂಡ ಜೋತ ಬಿದ್ದಾವ. ಹುಡುಗಗ ಅವತ್ತ ಜ್ವರಾ ಶುರು ಆಗಿತ್ತ ಕಾಣತೈತಿ."

ಕಿರಿಯ ಮಗ ಸಾತಪ್ಪ ಬೆರಳಲ್ಲೇ ಲೆಕ್ಕ ಹಾಕಿದ. ಖರ್ಚು ಏಳುನೂರೈವತ್ತು, ಬೆಲೆ ಒಂಬೈನೂರು, ಸೇರಿ ಹದಿನಾರುನೂರೈವತ್ತು. ಹುಕ್ಕೇರಿಯಲ್ಲಿ ಅಂಥ ಮನೆ ಹದಿನೈದುನೂರಕ್ಕಿಂತ ಮೇಲೆ ಹೋಗುವುದಿಲ್ಲ.

"ಬಿಟ್ಟಬಿಡೂಣಪಾ," ಎಂದ. "ನೂರ ಹೋದ್ರ ಹೋಗ್ಲಿ, ನೂರೈವತ್ತ ಯಾಕ ಕಳಕೋಬೇಕು. ಈ ಉದ್ಯೋಗ ಅಣ್ಣಗ ಗೊತ್ತಿತ್ತು. ನಾ ಮನಿ ಹೊಕ್ಕರ ನನಗ ಕೆಟ್ಟದ್ದ ಅಷ್ಟ ಕಾಣತೈತಿ. ಗಿರಣ್ಯಾಗ ಕೇಳೇನಿ, ಬಾ ಅಂದಾರ."

"ಪಗಾರಿನ ಆಸೇಕ ಮನೀ ಕಸಬ ಬಿಡಾಂವಾ ನೀ," ಎಂದ ಉದ್ದಪ್ಪ.

"ಕಸಬ ನನ್ನ ಬಿಟ್ಟೈತಿ."

"ಉಣ್ರಿ ಮೊದಲ," ಎಂದಳು ಕರೆವ್ವ. "ರೊಟ್ಟಿ ಆರಾಕತ್ತಾವ."

ಸೀತವ್ವ ಮಜ್ಜಿಗೆ ಬಡಿಸಿದಳು. ಸಾತಪ್ಪ ಗಿರಣಿಗೆ ಹೋದರೆ ಮನೆ ನೋಡುವ ಕೆಲಸ ನಿಲ್ಲುತ್ತದೆ. ಅದು ನಿಂತರೆ ಈ ಮನೆಯಲ್ಲಿ ಅವಳಿಗೆ ರೊಟ್ಟಿ ಬಡಿಯುವುದು, ನೀರು ಕಾಯಿಸುವುದು ಉಳಿಯುತ್ತದೆ. ಆ ವಾರವೇ ಅವಳ ತಂದೆ ಬಂದು, ಮೂಡಲಗಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಜಾಗ ಖಾಲಿ ಇದೆ, ಬಂದುಬಿಡು ಎಂದು ಹೇಳಿ ಹೋಗಿದ್ದರು. ಕೆಟ್ಟ ಮಾತೇನಲ್ಲ. ಆದರೆ ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಮನೆ ಬಿಟ್ಟುಬಿಟ್ಟರೆ, ರಾಜಪ್ಪನ ಕಡೆಯ ಲೆಕ್ಕ ತಪ್ಪು ಎಂದೇ ಆಗುತ್ತದೆ. ಜ್ವರದ ಲೆಕ್ಕ ಎಂದು ಮನೆಯಲ್ಲಿ ವರ್ಷಗಟ್ಟಲೆ ಹೇಳುತ್ತಾರೆ.

"ಮಾವಾರ, ನಾ ಒಮ್ಮಿ ನೋಡಿ ಬರ್ತೇನ್ರಿ," ಎಂದಳು.

ಕರೆವ್ವ ಒಪ್ಪಲಿಲ್ಲ. ಇಷ್ಟು ಬೇಗ ಹೊರಗೆ ಹೊರಟರೆ ಓಣಿಯ ಮಂದಿ ಏನಂದಾರು ಎಂದು ಅವಳ ಮಾತು. ಉದ್ದಪ್ಪ ಮೂರನೆಯ ಬೆಳಿಗ್ಗೆ ರುಮಾಲು ಸುತ್ತಿಕೊಳ್ಳುತ್ತ ಎರಡು ರೊಟ್ಟಿ ಹೆಚ್ಚು ಕಟ್ಟು ಎಂದ. ಕರೆವ್ವ ಶೇಂಗಾ ಚಟ್ನಿಯನ್ನೂ ಕಟ್ಟಿಕೊಟ್ಟಳು.

ಬಸ್ಸಿನಲ್ಲಿ ಕಂಡಕ್ಟರನಿಗೂ ಉದ್ದಪ್ಪನಿಗೂ ಆಣೆಗೆ ಎಷ್ಟು ಹೊಸ ಪೈಸೆ ಎಂಬ ವಾದ ಘಟಪ್ರಭೆಯ ತನಕ ನಡೆಯಿತು. ಸೀತವ್ವ ಕಿಟಕಿಯ ಕಡೆ ನೋಡುತ್ತ ಕೂತಳು. ಅಂಕಣ ಹೇಳುವವರಿರಲಿಲ್ಲ.

ಹುಕ್ಕೇರಿಯ ಮನೆ ಲಗಮವ್ವನದು. ಅವಳು ಮನೆ ಮಾರಿ ಮಗಳ ಹತ್ತಿರ ಸಂಕೇಶ್ವರಕ್ಕೆ ಹೋಗಲು ಗಂಟುಮೂಟೆ ಕಟ್ಟಿ ಕಾಯುತ್ತಿದ್ದಳು. ಮೊಮ್ಮಕ್ಕಳಿಗೆಂದು ಉಂಡಿ ಕೂಡ ಕಟ್ಟಿಟ್ಟಿದ್ದಳು. ಸೀತವ್ವ ತಲೆಬಾಗಿಲು ದಾಟಿ ತಲೆ ಎತ್ತಿದಳು. ಮಾವ ಹೇಳಿದ್ದು ನಿಜ. ಪಡಸಾಲೆಯ ಮಾಳಿಗೆ ನಡುವೆ ತಗ್ಗಿ, ನೀರು ತುಂಬಿದ ಜೋಳಿಗೆಯ ಹಾಗೆ ಇಳಿದಿತ್ತು.

ಲಗಮವ್ವ ಚಹಾ ಕೊಟ್ಟಳು. ಸೀತವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ತನ್ನ ಹಳೆಯ ಪ್ರಶ್ನೆ ಕೇಳಿದಳು.

"ಮಳಿಗಾಲದಾಗ ಭಾಂಡೆ ಎಲ್ಲೆಲ್ಲಿ ಇಡ್ತಿದ್ರಿ, ಅವ್ವಾರ?"

"ಹಿಂದ ಇಟ್ಟೂ ಇಟ್ಟೂ ಸಾಕಾಗೈತಿ ನೋಡವಾ. ಬಚ್ಚಲದ ಬಾಜೂ ಎರಡ ಅಂಕಣ, ಅದ ದೊಡ್ಡ ಜರಡಿ."

"ಪಡಸಾಲ್ಯಾಗ?"

"ಪಡಸಾಲಿ ಯಾಕ ಸೋರತೈತಿ? ನಾ ಸೊಸಿಯಾಗಿ ನಡ್ಯಾಕ ಬಂದಾಗಿಂದ ಒಂದ ಹನಿ ಬಿದ್ದಿಲ್ಲ. ಬಾಗಲಾ ಒಂದ ಮುಚ್ಚೂದಿಲ್ಲ, ಅಷ್ಟ. ಒಳಗಿನ ಬಾಗಲಾ. ನಾಯಿ ಬಂದ ಹೋಗ್ತಾವ."

ಸೀತವ್ವ ಬಸಿ ಕೆಳಗಿಟ್ಟಳು. ಸೋರದ ಮಾಳಿಗೆ ತಗ್ಗುವುದು ಹೇಗೆ? ಎದ್ದು ಬಂದು ಪಡಸಾಲೆಯ ಕಂಬಗಳನ್ನು ನೋಡಿದಳು. ಗೋಡೆಯ ಕಡೆಯ ಕಂಬಗಳ ಕೆಳಗೆ ಕುಸುರಿ ಕೆಲಸದ ಪೀಠದ ಕಲ್ಲು ಗೇಣುದ್ದ ಕಾಣುತ್ತಿತ್ತು. ನಡುವಿನ ಕಂಬದ ಕೆಳಗೆ ಕಲ್ಲೇ ಕಾಣಲಿಲ್ಲ, ನೆಲದೊಳಗೆ ಹೂತುಹೋಗಿತ್ತು. ಅದರ ಬಾಜೂ ನೆಲ ತುಳಿದರೆ ಟೊಳ್ಳು ಸಪ್ಪಳ. ವಿಚಾರಿಸಿದಾಗ ಲಗಮವ್ವ, ಅಲ್ಲಿ ಮಾವನ ಕಾಲದ, ನೆಲದಲ್ಲಿ ತೋಡಿದ ಜೋಳದ ಹಗೇವಿತ್ತು, ಕಾಳು ತುಂಬುವುದು ಬಿಟ್ಟ ಮೇಲೆ ಮಣ್ಣು ಸುರಿದು ಮುಚ್ಚಿದೆವು ಎಂದಳು. ಬಾಗಿಲು ಮುಚ್ಚದಾದದ್ದು ಅದರ ಮರುವರ್ಷದಿಂದ.

ಬರುವಾಗ ಬಸ್ಸಿನಲ್ಲಿ ಸೀತವ್ವ ಹೇಳಿದಳು. ಮಾಳಿಗೆ ಕೆಟ್ಟಿಲ್ಲ, ಹಗೇವಿನ ಮಣ್ಣು ಕುಸಿದು ಕಂಬ ಇಳಿದಿದೆ, ಕಂಬದ ಜೊತೆ ತೊಲೆ ಇಳಿದಿದೆ.

ಉದ್ದಪ್ಪ ಅರಿಯದವನಲ್ಲ. "ಹೌದವಾ, ಕಂಬ ಕುಸದೈತಿ," ಎಂದ. "ಆದ್ರ ಕಂಬದ ಬುಡಕ ಕಲ್ಲ ಇಡಬೇಕಂದ್ರ ಕಂಬ ತಗೀಬೇಕು. ಕಂಬ ತಗದ್ರ ತೊಲಿ ಗಾಳ್ಯಾಗ ನಿಲ್ಲತೈತೇನು? ಮಾಳಗಿ ಇಳಸೂದ ಬಂತು. ನಾ ಹುಟ್ಟಿದಾಗಿಂದ ಹಂಗ ಮಾಡೂದು."

ರಾಜಪ್ಪನ ಹತ್ತಿರ ಅದಕ್ಕೆ ಉತ್ತರ ಇತ್ತೋ ಇಲ್ಲವೋ, ಅವಳಿಗೆ ಗೊತ್ತಿರಲಿಲ್ಲ.

ಆ ವರ್ಷ ಮನೆಯಲ್ಲಿ ಹಬ್ಬವಿಲ್ಲ. ಆದರೂ ಖಂಡೇಪೂಜೆಯ ದಿನ ದುಡಿಯುವ ಸಾಮಾನುಗಳಿಗೆ ನೀರು ಹೂ ತಪ್ಪಿಸಬಾರದೆಂದು ಕರೆವ್ವ ಹಾರಿ, ಗುದ್ದಲಿ, ತೂಕದ ಗುಂಡು ಎಲ್ಲವನ್ನೂ ಸಾಲಾಗಿ ಇಟ್ಟಳು. ನಡುವೆ ಜಾಕು. ಅದಕ್ಕೆ ಭಂಡಾರದ ಅರಿಶಿನ ಬಳಿದು, ಕುಂಕುಮ ಹಚ್ಚಿ, ತಿರುಪಿನ ತುದಿಗೆ ಚೆಂಡುಹೂವು ಸಿಗಿಸಿದಳು. ಉಳಿದ ಸಾಮಾನು ಮರುದಿನ ಮೂಲೆ ಸೇರಿದವು. ಜಾಕು ಅಲ್ಲೇ ಉಳಿಯಿತು.

"ಯವ್ವಾ, ಲಾರಿ ಜಾಕಕ್ಕ ದಿನಾ ಹೂ ಏರಸಾಕತ್ತಿಯಲ್ಲ," ಎಂದ ಸಾತಪ್ಪ.

"ನಿನ್ನ ಪೆನ್ನಿಗೂ ಹ್ವಾದ ವರ್ಷ ಏರಿಸಿದ್ದೆ. ಏನ ಮಾಡ್ತು ಅದು?"

ಬನ್ನಿ ಕೊಡುವ ಸಂಜೆ ಕೊಣ್ಣೂರಿನ ಜಾಫರಸಾಬ ಬಂದ. ಕಬ್ಬು, ಬೆಲ್ಲ, ಒಮ್ಮೊಮ್ಮೆ ರಾಜಪ್ಪನ ತೊಲೆ ಜಂತಿಗಳನ್ನೂ ಹೇರುವ ಸ್ವಂತ ಲಾರಿ ಅವನದು. ರಾಜಪ್ಪನ ಸಾಲೆಯ ಗೆಳೆಯ. ಉದ್ದಪ್ಪನಿಗೆ ಬನ್ನಿ ಕೊಟ್ಟು ಕಾಲು ಮುಟ್ಟಿ ಕೂತ. ಕರೆವ್ವ ಚಹಾ ಕೊಡುವಾಗ ಅವನ ಕಣ್ಣು ದೇವರ ಮಾಡದ ಕೆಳಗೆ ಹೋಯಿತು. ಜಾಕು, ಭಂಡಾರ, ಹೂವು ಎಲ್ಲವನ್ನೂ ನೋಡಿದ. ಹೆಂಡತಿ ತಾಜಬಿ ಎಲ್ಲರ ಯೋಗಕ್ಷೇಮ ಕೇಳಿದ್ದಾಳೆ, ಮಳೆ ಚೆನ್ನಾಗಿ ಆಗಿದೆ ಎಂದು ಏನೇನೋ ಮಾತಾಡಿ ಎದ್ದ.

ಓಣಿಯ ತಿರುವಿನಲ್ಲಿ ಅವನ ಲಾರಿಯ ಗಾಲಿ ಗಾಳಿ ಹೋಗಿ ನೆಲಕ್ಕೆ ಕೂತಿತ್ತು. ಅವನು ಬಂದು ಸಾತಪ್ಪನನ್ನು ಕರೆದ. ಅವರಿವರು ಸೇರಿ ಒಂದು ಬೊಡ್ಡೆಯನ್ನು ಲಾರಿಯ ಕೆಳಗೆ ತೂರಿಸಿ, ಹೆಗಲು ಕೊಟ್ಟು, ಕಲ್ಲು ಒಡ್ಡಿ ಹೇಗೋ ಗಾಲಿ ಎತ್ತಿದರು. ಸಾತಪ್ಪ ಬೆವರಿಳಿಸುತ್ತ ನೀರಿಗೆ ಒಳಗೆ ಬಂದ.

"ಲಾರಿ ಇಟ್ಕೊಂಡ ಮನಶ್ಯಾ ಒಂದ ಜಾಕ ಇಟ್ಕೋಬಾರದೇನ, ವೈನಿ?" ಎಂದ. "ಬೆನ್ನ ಮುರೀತು."

ಬೆಲ್ಲದ ಡಬ್ಬಿ ಮುಚ್ಚುತ್ತಿದ್ದ ಸೀತವ್ವನ ಕೈ ನಿಂತಿತು. ದೇವರ ಮಾಡದ ಕಡೆ ನೋಡಿದಳು. ಆಮೇಲೆ ಸೆರಗು ಹೊದ್ದುಕೊಂಡು ಬೀದಿಗೆ ಇಳಿದಳು.

"ಅಣ್ಣಾರ, ನಿಮ್ಮ ಜಾಕ ಎಲ್ಲೈತ್ರಿ?"

ಜಾಫರಸಾಬ ಗಾಲಿಯ ನಟ್ಟು ಬಿಗಿಯುತ್ತಿದ್ದ. "ಐತಿ ತಂಗಿ. ಒಬ್ಬರಿಗೆ ಕೊಟ್ಟೇನಿ."

"ನಮ್ಮ ಮನ್ಯಾಗ ಐತಲ್ರಿ?"

ಅವನು ಕೈ ಒರೆಸಿಕೊಂಡು ಎದ್ದು ನಿಂತ. "ದೇವರ ಮುಂದ ಕುಂತೈತಿ. ಕಾಕೂ ಹೂ ಏರಸ್ಯಾಳ. ನಾ ಹೆಂಗ ಕೇಳ್ಲಿ?"

"ಅವರು ಯಾಕ ಇಸಗೊಂಡಿದ್ರು?"

"ಹುಕ್ಕೇರಿ ಮನಿ ಎತ್ತತೇನಿ ಅಂದಾ. ನಾ ನಕ್ಕೆ. ಲಾರಿ ಎತ್ತೂದ ಕೇಳೇನೋ, ಮನಿ ಎತ್ತೂದ ಕೇಳಿಲ್ಲ ಅಂದೆ. 'ಗಾಲಿ ತಗ್ಯಾಕ ನೀ ಲಾರಿ ಬಿಚ್ಚತೀ ಏನು?' ಅಂದಾ." ಜಾಫರಸಾಬ ಲಾರಿಯ ಕಡೆ ತಿರುಗಿದ. "ಆಮ್ಯಾಲೆ ನಾ ಸುಮ್ಮನ ಕೊಟ್ಟೆ."

ರಾಜಪ್ಪನ ಧ್ವನಿ, ಆ ಮಾತನ್ನು ಅವನು ಹೇಳಿರಬಹುದಾದ ರೀತಿ, ಹುಬ್ಬು ಎತ್ತಿದ್ದು, ಎಲ್ಲ ಸೀತವ್ವನಿಗೆ ಕಂಡಿತು. ಆಮೇಲೆ ಒಳಗೆ ಬಂದು ಕೇಳಿದ್ದನ್ನು ಕೇಳಿದ ಹಾಗೆ ಮನೆಯವರಿಗೆ ಹೇಳಿ, ಉಳಿದದ್ದನ್ನು ತಾನೇ ಜೋಡಿಸಿದಳು. ಕುಸಿದ ಕಂಬದ ಬಾಜೂ, ಹಗೇವಿನ ಆಚೆಯ ಗಟ್ಟಿ ನೆಲದ ಮೇಲೆ ಹಲಗೆ, ಹಲಗೆಯ ಮೇಲೆ ಜಾಕು, ಜಾಕಿನ ಮೇಲೆ ಗಟ್ಟಿ ಕಂಬವೊಂದನ್ನು ನಿಲ್ಲಿಸಿ ತಿರುವಿದರೆ ತೊಲೆ ಮೇಲೇಳುತ್ತದೆ. ತೊಲೆ ಎದ್ದಾಗ ಹಳೆಯ ಕಂಬದ ಬುಡಕ್ಕೆ ಕಲ್ಲು ಕೊಡುವುದು. ಮಾಳಿಗೆ ಬಿಚ್ಚುವ ಮಾತೇ ಇಲ್ಲ.

ಉದ್ದಪ್ಪ ಮೀಸೆ ತೀಡಿದ. ಕಡೆಗೆ, "ಮಾಳಗಿ ಮ್ಯಾಲ ವರ್ಷಾ ವರ್ಷಾ ಹಾಕಿದ ಸವುಳ ಮಣ್ಣ ಐತಲ್ಲ, ಅದನ್ನ ಮೊದಲ ಇಳಸಬೇಕು," ಎಂದ. "ಭಾರ ಕಡಿಮಿ ಆಗಬೇಕು."

ಅದು ಅವನ ಒಪ್ಪಿಗೆ ಎಂದು ಎಲ್ಲರಿಗೂ ತಿಳಿಯಿತು.

ಕರೆವ್ವನಿಗೆ ಮಾತ್ರ ಬೇರೆ ಚಿಂತೆ. "ಹಂಗಾರ ನಾ ಇಷ್ಟ ದಿನ ಮಂದೀ ಸಾಮಾನಕ್ಕ ಕೈ ಮುಗದೆ?"

ಸಾತಪ್ಪನಿಗೆ ನಗು ತಡೆಯಲಿಲ್ಲ. ಉದ್ದಪ್ಪನೂ ನಕ್ಕ. ಆ ಪಡಸಾಲೆಯಲ್ಲಿ ಬಹಳ ದಿನಗಳ ಮೇಲೆ ಆ ಸಪ್ಪಳ. ಕರೆವ್ವ ಮೊದಲು ಸಿಟ್ಟಾಗಿ, ಆಮೇಲೆ ತಾನೂ ಸೆರಗು ಬಾಯಿಗೆ ಇಟ್ಟುಕೊಂಡಳು. "ಮುಗದದ್ದೇನ ಸುಳ್ಳ ಆಗೂದಿಲ್ಲ," ಎಂದು ಹೇಳಿ ತಾನೇ ಹೂವು ತೆಗೆದಳು. ಜಾಫರಸಾಬನಿಗೆ ಅಂದೇ ಒಯ್ಯಲು ಹೇಳಿದರೆ ಅವನು ಕೇಳಲಿಲ್ಲ. ಯಾವ ಕೆಲಸಕ್ಕೆ ಕೊಟ್ಟಿದ್ದೇನೋ ಆ ಕೆಲಸ ಆಗಲಿ ಎಂದು ಹೋದ.

ದೀಪಾವಳಿಗೆ ಇನ್ನೂ ನಾಲ್ಕು ದಿನ ಇರುವಾಗ ಖರೀದಿ ಆಯಿತು. ಕೆಲಸ ನೋಡಿಕೊಂಡು ಹೋಗುತ್ತೇನೆಂದು ಲಗಮವ್ವ ಮಗಳ ಮನೆಗೆ ಹೋಗುವುದನ್ನು ಮುಂದೂಡಿದಳು. ಮೊದಲ ದಿನ ಕರೆವ್ವನೇ ಹುಕ್ಕೇರಿಗೆ ಬಂದು ಕಾಯಿ ಒಡೆದಳು. ತಿರುಪು ತಿರುವಲು ನಿಂತವನು ಸಾತಪ್ಪ. ಅಣ್ಣನ ಹಾಗೆ ಒಂದು ನೋಟಕ್ಕೆ ಹೇಳುವ ಕಲೆ ಅವನಿಗಿರಲಿಲ್ಲ. ಆದರೆ ಕೆಟ್ಟದ್ದೇ ಕಾಣುವ ಅವನ ಕಣ್ಣು ಈಗ ಕೆಲಸಕ್ಕೆ ಬಂತು. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಅವನಿಗೆ ಮೊದಲು ಕಾಣುತ್ತಿತ್ತು, ನಿಲ್ಲಿಸುತ್ತಿದ್ದ. ಬೆಳಿಗ್ಗೆ ಅರ್ಧ ಸುತ್ತು, ಸಂಜೆ ಅರ್ಧ ಸುತ್ತು. ಉದ್ದಪ್ಪ ಕಟ್ಟೆಯ ಮೇಲೆ ಕೂತು, ಮನೆಗೆ ಮಾಲೀಸು ಮಾಡುತ್ತಿದ್ದೀಯಾ ಎಂದು ಹಂಗಿಸುತ್ತಿದ್ದ. ಸೀತವ್ವ ಮೂರು ಕಲ್ಲಿನ ಒಲೆಯ ಮೇಲೆ ಎಲ್ಲರಿಗೂ ಝುಣಕ ಮಾಡುತ್ತಿದ್ದಳು, ನಡುನಡುವೆ ಸುಣ್ಣ, ಮರಳು ಎಷ್ಟು ಬಂತೆಂದು ನೋಡುತ್ತಿದ್ದಳು.

ಒಂದು ಸಂಜೆ ಮೇಲಿನಿಂದ ಸ್ವಲ್ಪ ಮಣ್ಣು ಉದುರಿತು. ತೊಲೆ ನರಳಿತು. ಅಡುಗೆಮನೆಯ ಕಡೆ, ಯಾರೂ ಮುಟ್ಟದೆ, ಒಳಬಾಗಿಲು ತಾನಾಗಿ ತಿರುಗಿ ಚೌಕಟ್ಟಿಗೆ ಬಂದು ಕೂತಿತು.

ಲಗಮವ್ವ ಹತ್ತಿರ ಹೋಗಿ ಅಗಳಿ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು.

"ಮಾರಬಾರದಿತ್ತ ನೋಡು ನಾ," ಎಂದಳು.

"ಬಿಚ್ಚೂದ ಎರಡ ಅಂಕಣ," ಎಂದ ಉದ್ದಪ್ಪ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ಜ್ವರಾ ಇರಲಿಲ್ಲ ಹುಡುಗಗ."

ಹಿಂದಿನ ಎರಡು ಅಂಕಣ ಬಿಚ್ಚುವಾಗ ಬಚ್ಚಲದ ಗೋಡೆ ಒಳಗೇ ಪುಡಿಯಾಗಿರುವುದು ಕಂಡಿತು. ಅದನ್ನು ಬುಡದಿಂದ ಎತ್ತಬೇಕಾಯಿತು. ರಾಜಪ್ಪ ಅದನ್ನು ಹಿಡಿದಿರಲಿಲ್ಲ. ಕಾಲು ಭಾಗದ ಪಾಲೂ ಅದಕ್ಕೆ ಸಾಲಲಿಲ್ಲ. ಲಾಭದಲ್ಲಿ ನಲವತ್ತು ಚಿಲ್ಲರೆ ಕಡಿಮೆಯಾಯಿತು. ಸಾತಪ್ಪ ಅದನ್ನು ಹೇಳಿದಾಗ ಸೀತವ್ವನಿಗೆ ಬೇಸರವಾಗಲಿಲ್ಲ. ಊಟಕ್ಕೆ ಕೂತಾಗ ರಾಜಪ್ಪನೆದುರು, ಬಚ್ಚಲ ನೋಡಲಿಲ್ಲ ನೀವು, ಹೆಂಗಸರನ್ನು ಬಿಟ್ಟು ಹೋದರೆ ಹೀಗೇ ಆಗುತ್ತದೆ ಎಂದು ಹೇಳುವ ಹಾಗಿದ್ದರೆ ಎಂದುಕೊಂಡಳು. ಅವನು ಏನು ಉತ್ತರ ಕೊಡುತ್ತಿದ್ದನೆಂದೂ ಗೊತ್ತಿತ್ತು. ಹುಳಿ ಸಾಕು, ಇನ್ನಷ್ಟು ಅನ್ನ ಹಾಕು ಎನ್ನುತ್ತಿದ್ದ.

ಸಂಕ್ರಾಂತಿಯ ಹೊತ್ತಿಗೆ ಮನೆ ಒಬ್ಬ ಮಾಸ್ತರರಿಗೆ ಮಾರಿ ಹೋಯಿತು. ಸಾತಪ್ಪ ಗಿರಣಿಯ ಮಾತು ಎತ್ತಲಿಲ್ಲ. ಯಾರೂ ನೆನಪಿಸಲೂ ಇಲ್ಲ. ಎಳ್ಳು ಕೊಡಲು ಮೂಡಲಗಿಯಿಂದ ಬಂದ ತಂದೆಗೆ ಸೀತವ್ವ, ಸಾಲೆಯ ಜಾಗ ಬೇರೆ ಯಾರಿಗಾದರೂ ಸಿಗಲಿ ಎಂದಳು. ಅವರು ಉದ್ದಪ್ಪನ ಮುಖ ನೋಡಿದರು.

"ಧುಪದಾಳದಾಗ ಏಳ ಅಂಕಣದ್ದೊಂದ ಐತಂತ, ಬೀಗರ," ಎಂದ ಉದ್ದಪ್ಪ. "ಆಕಿ ಬರದ ನಾ ಹೆಂಗ ನೋಡ್ಲಿ? ಬಚ್ಚಲಾ ನನಗೂ ಕಾಣೂದಿಲ್ಲ."

ಮರುದಿನ ಸೀತವ್ವ ಜಾಕನ್ನು ಸೀಮೆಎಣ್ಣೆಯಲ್ಲಿ ತೊಳೆದು, ತಿರುಪಿಗೆ ಹೊಸ ಗ್ರೀಸು ಹಚ್ಚಿ, ಗೋಣಿಚೀಲದಲ್ಲಿ ಸುತ್ತಿದಳು. ಕರೆವ್ವ ಮೇಲೆ ಒಂದು ಕರದಂಟಿನ ಪೊಟ್ಟಣ ಇಟ್ಟಳು. ಕೊಣ್ಣೂರಿನ ಬಸ್ಸಿನಲ್ಲಿ ಸೀತವ್ವ ಜಾಕನ್ನು ಕಾಲ ಬಳಿ ಇಟ್ಟುಕೊಂಡು ಕೂತಳು.

ಜಾಫರಸಾಬ ಲಾರಿಯ ಕೆಳಗಿನಿಂದ ಹೊರಬಂದ. ತಾಜಬಿ ಕರದಂಟನ್ನು ತೆಗೆದುಕೊಂಡು ಚಾಪೆ ಹಾಸಿದಳು. ಅವನು ಗೋಣಿ ಬಿಚ್ಚಿ ತಿರುಪನ್ನು ಬೆರಳಲ್ಲಿ ತಿರುವಿ ನೋಡಿದ. ತಿರುಪಿನ ಸಂದಿಯಲ್ಲಿ, ಎಷ್ಟು ತೊಳೆದರೂ ಹೋಗದ ಅರಿಶಿನ ಎಳೆಯಾಗಿ ಉಳಿದಿತ್ತು.

"ನೀವ ಇಟ್ಕೋರಿ ತಂಗಿ," ಎಂದ. "ಧುಪದಾಳದ ಮನಿ ನೋಡಾಕ ಹೊಂಟೀರಂತ. ಬೇಕಾಗತೈತಿ. ನಾ ಬ್ಯಾರೆ ತರ್ತೇನಿ."

"ಬ್ಯಾಡ್ರಿ ಅಣ್ಣಾರ," ಎಂದಳು ಸೀತವ್ವ. "ಇದು ಅವರು ಇಸಗೊಂಡದ್ದು. ನನಗ ಬೇಕಾದಾಗ ನಾ ಬಂದ ಕೇಳತೇನಿ."

ಬಗ್ಗಿ, ಎರಡೂ ಕೈಯಿಂದ ಜಾಕನ್ನು ಎತ್ತಿ, ಅವನ ಎರಡೂ ಕೈಗೆ ಕೊಟ್ಟಳು.